ಗೌಡರ ಗದ್ದೆಗೆ ಜಿಂಕು, ನಮ್ಮ ತಟ್ಟೆಗೇನು?

ನಮ್ಮ ಹಾಸ್ಟೆಲಿನ ಹುಡುಗನೊಬ್ಬ ರಜೆಗೆ ಊರಿಗೆ ಹೋದವನು ನಾಲ್ಕು ದಿನ ಕೂಲಿ ಮಾಡಿ ಬಂದ. ಅವನದು ನಾಲೆ ಬಯಲಿನ ಊರು. ಗೌಡರ ಗದ್ದೆಯಲ್ಲಿ ನಾಟಿಯಾಗಿ ಮೂರು ವಾರಕ್ಕೆ ಭತ್ತದ ಕೆಳಗಿನ ಎಲೆಗಳಲ್ಲಿ ತುಕ್ಕು ಹಿಡಿದಂಗೆ ಚುಕ್ಕೆ ಎದ್ದಿದ್ದವು. ಗೌಡರು ನಾಲ್ಕು ಎಲೆ ಕಿತ್ಕೊಂಡು ಗೊಬ್ಬರದ ಅಂಗಡಿಗೆ ಹೋದರು. ಅಂಗಡಿಯವನು ಎಲೆಯನ್ನ ಬೆಳಕಿಗೆ ಹಿಡಿದು ನೋಡಿ, ಜಿಂಕು ಕಮ್ಮಿ ಆಗೈತೆ ಅಂತ ಪಾಕೀಟು ಕೊಟ್ಟು ಕಳಿಸಿದ. ಟ್ಯಾಂಕು ಬೆನ್ನಿಗೇರಿಸಿಕೊಂಡು ನಮ್ಮ ಗೆಳೆಯ ಹೊಡೆದ. ಹದಿನೈದು ದಿನಕ್ಕೆ ಪೈರು ಹಸಿರಾಗಿ ಎದ್ದು ನಿಂತಿತಂತೆ.

ಹಾಸ್ಟೆಲಿಗೆ ವಾಪಸು ಬಂದ ರಾತ್ರಿ ಊಟಕ್ಕೆ ಕೂತಾಗ ಅವನು ತಟ್ಟೆ ನೋಡ್ತಾ ಹೇಳಿದ: 'ಭತ್ತದ ಎಲೆ ನೋಡಿ ಏನು ಕಮ್ಮಿ ಅಂತ ಹೇಳೋಕೆ ಜನ ಅವ್ರೆ ಕಣ್ರೋ. ನಮ್ಮ ಮುಖ ನೋಡಿ ಹೇಳೋರು ಯಾರೂ ಇಲ್ವಲ್ಲ.'

ನಾವು ನಕ್ಕೆವು. ಆಮೇಲೆ ನಗು ನಿಂತಿತು. ಆ ರಾತ್ರಿಯಿಂದ ನಾವು ನಾಲ್ಕೈದು ಜನ ಲೈಬ್ರರಿಯಲ್ಲಿ ಕೂತು ಈ ಜಿಂಕಿನ ಬೆನ್ನು ಹತ್ತಿದೆವು. ನಾವು ಕಲಾ ವಿಭಾಗದವರು, ಪದ್ಯ ಗೀಚುವವರು. ರಸಾಯನಶಾಸ್ತ್ರ ನಮಗೆ ಬಾರದು. ಆದರೆ ಹಸಿವಿನ ಶಾಸ್ತ್ರ ಓದೋಕೆ ಬಿ.ಎಸ್ಸಿ. ಬೇಕಿಲ್ಲ.

ಜಿಂಕು ಅಂದರೆ ಸತು. ಭತ್ತಕ್ಕೆ ಬರುವ ಆ ತುಕ್ಕು ಚುಕ್ಕೆಯ ರೋಗಕ್ಕೆ ಉತ್ತರ ಭಾರತದಲ್ಲಿ ಖೈರಾ ಅನ್ನುತ್ತಾರೆ. ಅದು ಹುಳದಿಂದ ಬಂದದ್ದಲ್ಲ, ಸತುವಿನ ಕೊರತೆಯಿಂದ ಬಂದದ್ದು ಅಂತ 1966ರಲ್ಲಿ ಪಂತನಗರದ ಕೃಷಿ ವಿಶ್ವವಿದ್ಯಾಲಯದಲ್ಲಿ ವೈ.ಎಲ್. ನೆನೆ ಅವರು ತೋರಿಸಿಕೊಟ್ಟರು. ಮಾರನೆಯ ವರ್ಷವೇ, 1967ರಲ್ಲಿ, ಮಣ್ಣಿನ ಲಘು ಪೋಷಕಾಂಶಗಳ ಬಗ್ಗೆ ಅಖಿಲ ಭಾರತ ಮಟ್ಟದ ಸಂಶೋಧನೆ ಶುರುವಾಯಿತು. ಒಳ್ಳೆಯದೇ ಆಯಿತು. ಪೈರಿಗೆ ರೋಗ ಬಂದರೆ ಈ ದೇಶ ಎಷ್ಟು ಬೇಗ ಎದ್ದು ಕೂರುತ್ತೆ ನೋಡಿ!

ಅದಕ್ಕೆ ಐದು ವರ್ಷ ಮೊದಲೇ ಮನುಷ್ಯನಿಗೂ ಇದೇ ಕೊರತೆ ಬರುತ್ತೆ ಅನ್ನುವ ಸುಳಿವು ಸಿಕ್ಕಿತ್ತು. ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ಆನಂದ ಪ್ರಸಾದ್ ಅನ್ನುವ ಡಾಕ್ಟರು ಇರಾನಿನ ಶಿರಾಜ್ ಪಟ್ಟಣದಲ್ಲಿ ಕೆಲಸ ಮಾಡ್ತಿದ್ದಾಗ ಅವರ ಮುಂದೆ ಒಬ್ಬ ಯುವಕ ಬಂದ. ವಯಸ್ಸು 21, ನೋಡೋಕೆ ಹತ್ತು ವರ್ಷದ ಹುಡುಗನ ಹಾಗೆ. ಮೀಸೆ ಬಂದಿಲ್ಲ, ಎತ್ತರ ಬೆಳೆದಿಲ್ಲ, ಮೈಯಲ್ಲಿ ರಕ್ತ ಇಲ್ಲ. ಹಳ್ಳಿಯ ಬಡ ರೈತಾಪಿ ಮನೆಯವನು. ಅವನ ಊಟ ಅಂದರೆ ಹುದುಗು ಬರಿಸದ ಗೋಧಿ ರೊಟ್ಟಿ. ಮಾಂಸ ಇಲ್ಲ, ಮೊಟ್ಟೆ ಇಲ್ಲ. ಜೊತೆಗೆ ಮಣ್ಣು ತಿನ್ನುವ ಚಟ. ಅಂಥವರು ಅಲ್ಲಿ ಒಬ್ಬಿಬ್ಬರಲ್ಲ. 1961ರಲ್ಲಿ ಪ್ರಸಾದರು ಇದನ್ನ ಬರೆದರು. ಎರಡು ವರ್ಷದಲ್ಲಿ ಈಜಿಪ್ಟಿನ ಹಳ್ಳಿಗಳಲ್ಲಿ ಪರೀಕ್ಷೆ ಮಾಡಿ, ಇದು ಸತುವಿನ ಕೊರತೆ ಅಂತ ತೋರಿಸಿದರು. ಸತು ಕಮ್ಮಿಯಾದರೆ ಮಗು ಬೆಳೆಯಲ್ಲ, ಬೇಧಿ ನಿಲ್ಲಲ್ಲ, ಗಾಯ ಮಾಯಲ್ಲ, ಬಾಯಿಗೆ ರುಚಿ ಹತ್ತಲ್ಲ.

ಈ ಕತೆಯಲ್ಲಿ ನಮ್ಮನ್ನ ಹಿಡಿದು ನಿಲ್ಲಿಸಿದ್ದು ಆ ರೊಟ್ಟಿ. ಅವನು ಉಪವಾಸ ಇದ್ದವನಲ್ಲ. ಹೊಟ್ಟೆ ತುಂಬ ತಿಂದವನು. ಒಂದೇ ಧಾನ್ಯವನ್ನ ತಿಂದವನು. ನಮ್ಮ ಕೇರಿಗಳಲ್ಲಿ ಹೊಟ್ಟೆ ತುಂಬ ಅನ್ನ ಉಂಡೂ ಮೈ ಹಿಡಿಯದ ಎಷ್ಟು ಮಕ್ಕಳಿಲ್ಲ? 'ನಿಮ್ಮ ಮಕ್ಕಳು ಸಣ್ಣ, ಅದು ನಿಮ್ಮ ಜಾತಿ ತಳಿನೇ ಹಂಗೆ' ಅಂತ ಮೇಷ್ಟ್ರುಗಳ ಬಾಯಲ್ಲಿ ಕೇಳಿದವರು ನಮ್ಮಲ್ಲೇ ಇದ್ದಾರೆ. ತಳಿಯಲ್ಲ ಸ್ವಾಮಿ, ತಟ್ಟೆ.

ಲೆಕ್ಕ ಹಾಕೋಣ. 2020ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳಿದ ಪ್ರಕಾರ ಬೆಳೆದ ಗಂಡಸಿಗೆ ದಿನಕ್ಕೆ 17 ಮಿಲಿಗ್ರಾಂ ಸತು ಬೇಕು. ಪಾಲಿಶ್ ಮಾಡಿದ ಅಕ್ಕಿ 100 ಗ್ರಾಮಿನಲ್ಲಿ ಇರೋದು ಸುಮಾರು ಒಂದೂಕಾಲು ಮಿಲಿಗ್ರಾಂ. ದಿನಕ್ಕೆ 400 ಗ್ರಾಂ ಅಕ್ಕಿಯ ಅನ್ನ ಉಂಡರೂ ಐದು ಮಿಲಿಗ್ರಾಂ. ಉಳಿದ ಹನ್ನೆರಡು ಎಲ್ಲಿಂದ ಬರಬೇಕು? ಮಾಂಸ, ಹಾಲು, ಮೊಟ್ಟೆ, ಕಾಳುಗಳಿಂದ ಬರಬೇಕು. ಹಾಸ್ಟೆಲಿನ ಸಾರಿನಲ್ಲಿ ಬೇಳೆ ಎಲ್ಲಿದೆ ಅಂತ ಹುಡುಕಿದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. 2016-18ರಲ್ಲಿ ಕೇಂದ್ರ ಸರ್ಕಾರವೇ ಮಾಡಿಸಿದ ಪೋಷಣೆಯ ಸಮೀಕ್ಷೆಯಲ್ಲಿ 10ರಿಂದ 19 ವಯಸ್ಸಿನವರ ರಕ್ತ ಪರೀಕ್ಷೆ ಮಾಡಿದರು. ನೂರಕ್ಕೆ 32 ಜನರಲ್ಲಿ ಸತು ಕಮ್ಮಿ. ಗೆಳೆಯರೇ, 10ರಿಂದ 19 ಅಂದರೆ ಹೈಸ್ಕೂಲು, ಪಿಯುಸಿ. ನಮ್ಮದೇ ವಯಸ್ಸು, ನಮ್ಮ ತಮ್ಮ ತಂಗಿಯರ ವಯಸ್ಸು.

ಈಗ ಪ್ರಶ್ನೆ. ಗದ್ದೆಗೆ ಜಿಂಕು ಹೊಡೆದರೆ ಅದು ಕಾಳಿಗೆ ಇಳಿಯುತ್ತಾ? ಕಾಳಿನಿಂದ ನಮ್ಮ ಹೊಟ್ಟೆಗೆ ಬರುತ್ತಾ?

ಇಳಿಯುತ್ತೆ. ಆದರೆ ಇಲ್ಲೇ ಇದೆ ಮರ್ಮ. ನಾಟಿ ಟೈಮಿನಲ್ಲಿ ಮಣ್ಣಿಗೆ ಹಾಕಿದ ಜಿಂಕು ಪೈರನ್ನ ಬೆಳೆಸುತ್ತೆ, ಇಳುವರಿ ಕೊಡುತ್ತೆ, ಕಾಳಿನೊಳಗೆ ಹೋಗೋದು ಸ್ವಲ್ಪ. ಕಾಳಿನಲ್ಲೇ ಸತು ತುಂಬಬೇಕು ಅಂದರೆ ಹೂ ಆದ ಮೇಲೆ, ಕಾಳಿಗೆ ಹಾಲು ತುಂಬುವಾಗ, ಎಲೆ ಮೇಲೆ ಹೊಡೀಬೇಕು. ಲೀಟರ್ ನೀರಿಗೆ ಐದು ಗ್ರಾಂ ಜಿಂಕ್ ಸಲ್ಫೇಟು, ಎಲೆ ಸುಡದ ಹಾಗೆ ಒಂದಿಷ್ಟು ಸುಣ್ಣದ ತಿಳಿ. ಎಕರೆಗೆ 200 ಲೀಟರ್ ಹಿಡಿದರೂ ಒಂದು ಕೆಜಿ ಜಿಂಕ್ ಸಲ್ಫೇಟಿನಲ್ಲಿ ಕೆಲಸ ಮುಗೀತು. ಭಾರತವೂ ಸೇರಿ ಏಳು ದೇಶಗಳ ಗೋಧಿ ಹೊಲಗಳಲ್ಲಿ ಹೀಗೆ ಹೊಡೆದು ನೋಡಿದ್ದಾರೆ. 2012ರಲ್ಲಿ ಅದರ ಫಲ ಬರೆದರು: ಒಂದು ಕೆಜಿ ಗೋಧಿಯಲ್ಲಿ ಸರಾಸರಿ 27 ಮಿಲಿಗ್ರಾಂ ಇದ್ದ ಸತು 48ಕ್ಕೆ ಏರಿತು. ಮಣ್ಣಿಗೆ ಮಾತ್ರ ಹಾಕಿದಾಗ ಏರಿದ್ದು ಅತ್ಯಲ್ಪ.

ನಮ್ಮ ಗೆಳೆಯ ಭತ್ತ ಹಾಲುಗಾಳಿಗೆ ಬಂದಾಗ ಮತ್ತೆ ಊರಿಗೆ ಹೋದ. ಗೌಡರ ಹತ್ರ ಕೇಳಿದ.

'ಗೌಡ್ರೇ, ಈಗ ಇನ್ನೊಂದು ಸಲ ಜಿಂಕು ಹೊಡೆಸಿದ್ರೆ ಕಾಳಲ್ಲಿ ಶಕ್ತಿ ಬತ್ತದಂತೆ.'

'ತೂಕ ಬತ್ತದೇನ್ಲಾ?'

'ತೂಕ ಅಷ್ಟೊಂದು ಬರಲ್ಲ.'

'ಮಿಲ್ಲಿನೋನು ನಾಕು ಕಾಸು ಜಾಸ್ತಿ ಕೊಡ್ತಾನಾ?'

'ಇಲ್ಲ.'

'ಮತ್ಯಾಕ್ಲಾ ಹೊಡೆಸ್ಲಿ? ನಿನ್ನ ಕೂಲಿ, ಔಷ್ದಿ ಖರ್ಚು ಯಾರ್ ಕೊಡ್ತಾರೆ?'

ಗೌಡರ ಮೇಲೆ ನಮಗೆ ಬೇರೆ ಬೇರೆ ಸಿಟ್ಟುಗಳಿವೆ. ಆದರೆ ಈ ಒಂದು ಮಾತಿನಲ್ಲಿ ಅವರು ಸುಳ್ಳಾಡಲಿಲ್ಲ. ಕಾಳನ್ನ ತೂಗುವ ತಕ್ಕಡಿ ಇದೆ, ಕಾಳಿನ ಒಳಗೇನಿದೆ ಅಂತ ನೋಡುವ ತಕ್ಕಡಿ ಇಲ್ಲ. ಬೆಳೆಯುವವನಿಗೆ ಕ್ವಿಂಟಾಲು ಮುಖ್ಯ. ಅವನ ಮನೆಯಲ್ಲಿ ಹಾಲಿದೆ, ತುಪ್ಪ ಇದೆ, ವಾರಕ್ಕೊಂದು ಕೋಳಿ ಇದೆ. ಕಾಳಿನಲ್ಲಿ ಸತು ಇಲ್ಲದಿದ್ದರೆ ಅವನಿಗೇನೂ ಆಗಲ್ಲ. ಬರೀ ಕಾಳನ್ನೇ ತಿಂದು ಬದುಕುವವನ ಮೈಯಲ್ಲಿ ಮಾತ್ರ ಆ ಕೊರತೆ ಬಂದು ಕೂರುತ್ತೆ. ಅವನು ಬೆಳೆಯುವ ಕೂಲಿ, ಬೆಳೆಸುವ ಯಜಮಾನನಲ್ಲ. ಯಾವ ಗೊಬ್ಬರ ಹಾಕಬೇಕು, ಯಾವಾಗ ಹಾಕಬೇಕು ಅನ್ನೋ ಮಾತಿನಲ್ಲಿ ಅವನಿಗೆ ಬಾಯಿಲ್ಲ.

ನಮ್ಮ ಸಭೆಯೊಂದರಲ್ಲಿ ಈ ವಿಷಯ ಎತ್ತಿದಾಗ ಹಿರಿಯರೊಬ್ಬರು ಬೈದರು: 'ಭೂಮಿ ಕೇಳ್ರೋ ಅಂದ್ರೆ ಗೊಬ್ಬರ ಕೇಳ್ತೀರಲ್ಲೋ.' ಅಣ್ಣಾ, ಭೂಮಿ ಕೇಳೋದನ್ನ ಬಿಟ್ಟಿಲ್ಲ. ಮಂಜೂರಾದ ಜಮೀನು ಪರಭಾರೆ ಆಗಬಾರದು ಅಂತ 1978ರಲ್ಲಿ ಕಾಯ್ದೆ ಬಂದ ಮೇಲೂ ನಮ್ಮವರು ಕೋರ್ಟುಗಳ ಮೆಟ್ಟಿಲು ಸವೆಸಿದ್ದು ನಮಗೂ ಗೊತ್ತು. ಆದರೆ ಭೂಮಿ ಬರುವ ತನಕ ಊಟ ನಿಲ್ಲಲ್ಲವಲ್ಲ. ಸೊಸೈಟಿಯಲ್ಲಿ ಸಿಗುವ ಅಕ್ಕಿ, ರಾಗಿ ಯಾವುದೋ ಗೌಡರ, ಯಾವುದೋ ರೆಡ್ಡಿಯವರ ಹೊಲದಿಂದ ಬಂದದ್ದೇ. ಅವರ ಹೊಲಕ್ಕೆ ಏನು ಬೀಳುತ್ತೆ ಅನ್ನೋದು ಅವರ ಖಾಸಗಿ ವಿಷಯ ಅಂತ ನಾವು ಬಿಟ್ಟುಕೊಟ್ಟರೆ, ನಮ್ಮ ಮಕ್ಕಳ ಎತ್ತರವನ್ನೂ ಅವರ ಖಾಸಗಿ ವಿಷಯ ಮಾಡಿ ಬಿಟ್ಟುಕೊಟ್ಟ ಹಾಗೆ.

ಬೇರೆ ದೇಶದ ಮಾತು ಕೇಳಿ. ಫಿನ್ಲೆಂಡಿನ ಮಣ್ಣಿನಲ್ಲಿ ಪೈರು ಹೀರಿಕೊಳ್ಳುವ ಸೆಲೆನಿಯಂ ಬಹಳ ಕಮ್ಮಿ. ಜನರ ಊಟದಲ್ಲೂ ಕಮ್ಮಿ. ಅಲ್ಲಿನ ಸರ್ಕಾರ ಗುಳಿಗೆ ಹಂಚಲಿಲ್ಲ, ಭಾಷಣ ಮಾಡಲಿಲ್ಲ. 1984ರಲ್ಲಿ ತೀರ್ಮಾನ ಮಾಡಿ, ದೇಶದಲ್ಲಿ ಮಾರುವ ಮಿಶ್ರ ಗೊಬ್ಬರದ ಚೀಲಗಳಿಗೇ ಸೆಲೆನಿಯಂ ಸೇರಿಸಿಬಿಟ್ಟಿತು. ಧಾನ್ಯದ ಗೊಬ್ಬರಕ್ಕೆ ಕೆಜಿಗೆ 16 ಮಿಲಿಗ್ರಾಂ. ರೈತ ಸಾಹುಕಾರನೋ ಬಡವನೋ, ತಿನ್ನುವವನು ಯಾರೋ, ಯಾರೂ ಬೇರೆ ಏನೂ ಮಾಡಬೇಕಾಗಲಿಲ್ಲ. ಕೆಲವೇ ವರ್ಷದಲ್ಲಿ ಜನರ ದಿನದ ಊಟದಲ್ಲಿ ಸೆಲೆನಿಯಂ ಎರಡು ಪಟ್ಟಿಗೂ ಮೇಲೆ ಏರಿತು. ಅಷ್ಟಕ್ಕೆ ಕೈ ತೊಳೆದುಕೊಳ್ಳಲಿಲ್ಲ. ಧಾನ್ಯ, ಹಾಲು, ಜನರ ರಕ್ತ ಪರೀಕ್ಷೆ ಮಾಡಿಸ್ತಾ, ಜಾಸ್ತಿಯಾಯ್ತು ಅನ್ನಿಸಿದಾಗ 1990ರ ಹೊತ್ತಿಗೆ 6ಕ್ಕೆ ಇಳಿಸಿ, 1998ರಲ್ಲಿ 10ಕ್ಕೆ, 2007ರಲ್ಲಿ 15ಕ್ಕೆ ಏರಿಸಿದರು. ಅಳತೆ ತಪ್ಪಿದರೆ ಸೆಲೆನಿಯಂ ವಿಷ. ಅದಕ್ಕೇ ಅಳೆಯೋದನ್ನ ಬಿಡಲಿಲ್ಲ. ಟರ್ಕಿಯಲ್ಲೂ ಅಷ್ಟೆ: ಅನಟೋಲಿಯಾದ ಗೋಧಿ ಸೀಮೆಯ ಮಣ್ಣಿನಲ್ಲಿ ಸತು ಇಲ್ಲ ಅಂತ 1993ರಲ್ಲಿ ಶುರುವಾದ ಯೋಜನೆಯಲ್ಲಿ ಇಸ್ಮಾಯಿಲ್ ಚಕ್‌ಮಕ್ ಮತ್ತವರ ಜೊತೆಗಾರರು ತೋರಿಸಿದ ಮೇಲೆ, ಮೊದಲು ಹೆಸರೂ ಕೇಳದ ಸತುವಿನ ಗೊಬ್ಬರ ಲಕ್ಷಗಟ್ಟಲೆ ಟನ್ ಹೋಗತೊಡಗಿತು.

ನಮ್ಮಲ್ಲಿ? ಯೂರಿಯಾಕ್ಕೆ ಸರ್ಕಾರ ದುಡ್ಡು ಸುರಿಯುತ್ತೆ. 45 ಕೆಜಿ ಚೀಲ ಮುನ್ನೂರು ರೂಪಾಯಿಗೂ ಕಮ್ಮಿ. 2010ರಲ್ಲಿ ಬಂದ ಪೋಷಕಾಂಶ ಆಧಾರಿತ ಸಹಾಯಧನದಲ್ಲಿ, ಗೊಬ್ಬರಕ್ಕೆ ಸತು ಸೇರಿಸಿದವನಿಗೆ ಟನ್ನಿಗೆ 500 ರೂಪಾಯಿ ಹೆಚ್ಚಿಗೆ ಅಂತ ಇಟ್ಟರು. 50 ಕೆಜಿ ಚೀಲಕ್ಕೆ ಭಾಗಿಸಿ ನೋಡಿ, ಇಪ್ಪತ್ತೈದು ರೂಪಾಯಿ. ದೇಶದ ಮಕ್ಕಳ ಬೆಳವಣಿಗೆಗೆ ಕಟ್ಟಿದ ಬೆಲೆ! ಜಿಂಕ್ ಸಲ್ಫೇಟನ್ನ ಬಿಡಿಯಾಗಿ ಕೊಂಡು ಹಾಕುವವನಿಗೆ ಆ ಲೆಕ್ಕದಲ್ಲಿ ಅದೂ ಇಲ್ಲ.

ನಮ್ಮ ರಾಜ್ಯದಲ್ಲಿ 2009ರಲ್ಲಿ ಭೂಚೇತನ ಅಂತ ಯೋಜನೆ ಬಂತು. ಹೈದರಾಬಾದಿನ ಹತ್ತಿರದ ಇಕ್ರಿಸ್ಯಾಟ್ ಸಂಸ್ಥೆಯವರು ಹಳ್ಳಿ ಹಳ್ಳಿಯ ಮಣ್ಣು ತೆಗೆದು ನೋಡಿ, ಸತು, ಬೋರಾನ್, ಗಂಧಕ ಕಮ್ಮಿ ಇರುವ ಹೊಲಗಳು ಎಷ್ಟೊಂದಿವೆ ಅಂತ ತೋರಿಸಿದರು. ರೈತ ಸಂಪರ್ಕ ಕೇಂದ್ರಗಳಲ್ಲಿ ಜಿಪ್ಸಂ, ಜಿಂಕ್ ಸಲ್ಫೇಟು, ಬೋರಾಕ್ಸು ಅರ್ಧ ಬೆಲೆಗೆ ಕೊಟ್ಟರು. ಇಳುವರಿ ಏರಿತು, ಹೊಗಳಿಕೆಯೂ ಬಂತು. ನಾವೂ ಹೊಗಳುತ್ತೇವೆ, ಮಳೆ ನಂಬಿದ ಸಣ್ಣ ರೈತರಲ್ಲಿ ನಮ್ಮವರೂ ಇದ್ದಾರೆ. ಆದರೆ ಅದರ ಲೆಕ್ಕವೆಲ್ಲ ಕ್ವಿಂಟಾಲಿನ ಲೆಕ್ಕ. 2015ರಿಂದ ಮಣ್ಣಿಗೆ ಆರೋಗ್ಯ ಕಾರ್ಡು ಬಂತು. ಹನ್ನೆರಡು ಅಂಶ ನೋಡ್ತಾರೆ, ಅದರಲ್ಲಿ ಸತುವೂ ಉಂಟು, ಕಬ್ಬಿಣವೂ ಉಂಟು. ಪಹಣಿ ಇದ್ದವನ ಮಣ್ಣಿಗೆ ಕಾರ್ಡು. ಪಹಣಿ ಇಲ್ಲದವನ ಮೈಗೆ?

ಈಗ ರಾಗಿಯ ಮಾತು. ನಮ್ಮ ಪ್ರಕಾರ ಈ ಕೆಲಸ ಶುರುವಾಗಬೇಕಾದದ್ದು ರಾಗಿಯಿಂದ. ಭತ್ತದ ಎಲೆಗೆ ಹೊಡೆದ ಸತು ಬಹುಪಾಲು ಹೊಟ್ಟಿನಲ್ಲೇ ನಿಲ್ಲುತ್ತೆ, ಒಳಗೆ ಹೋದದ್ದರಲ್ಲೂ ಸ್ವಲ್ಪ ಮಿಲ್ಲಿನ ಪಾಲಿಶ್‌ನಲ್ಲಿ ತೌಡಾಗಿ ಹೋಗಿ ಹಸುವಿನ ಬಾಯಿ ಸೇರುತ್ತೆ. ರಾಗಿಗೆ ಪಾಲಿಶ್ ಇಲ್ಲ. ಬೀಸಿದರೆ ಇಡೀ ಕಾಳು ಹಿಟ್ಟು. ಮುದ್ದೆ ನುಂಗಿದರೆ ಸಿಪ್ಪೆ ಸಮೇತ ಒಳಗೆ. ಏನೂ ಹೊಡೆಯದೆಯೇ ರಾಗಿಯಲ್ಲಿ ಪಾಲಿಶ್ ಅಕ್ಕಿಯ ಎರಡರಷ್ಟು ಸತು ಇದೆ, ಕ್ಯಾಲ್ಸಿಯಂ ಅಂತೂ ಹೇಳೋದೇ ಬೇಡ. ನಮ್ಮನ್ನ 'ರಾಗಿ ಮುದ್ದೆಯವರು' ಅಂತ ಆಡಿಕೊಂಡವರು ಈಗ ಅದನ್ನೇ ಸಿರಿಧಾನ್ಯದ ಜೊತೆ ಚೆಂದದ ಪಾಕೀಟಿನಲ್ಲಿ ಕೊಳ್ತಾರೆ, ಆ ಮಾತು ಬೇರೆ. ಸರ್ಕಾರ ಬೆಂಬಲ ಬೆಲೆ ಕೊಟ್ಟು ರಾಗಿ ಕೊಳ್ಳುತ್ತೆ. ದಕ್ಷಿಣದ ಜಿಲ್ಲೆಗಳ ಸೊಸೈಟಿಗಳಲ್ಲಿ ಅದೇ ರಾಗಿ ಹಂಚಿದೆ. ಅಂದರೆ ಕೊಳ್ಳುವ ಕೈಯೂ ಸರ್ಕಾರದ್ದೇ, ಹಂಚುವ ಕೈಯೂ ಸರ್ಕಾರದ್ದೇ. ಕಾಳು ಹಾಲು ತುಂಬುವಾಗ ಜಿಂಕು ಹೊಡೆಸಿದ ರೈತನಿಗೆ ಆ ಖರ್ಚು ಮತ್ತು ಕೂಲಿಯನ್ನ ಖರೀದಿ ಕೇಂದ್ರದಲ್ಲೇ ಕೊಟ್ಟುಬಿಡಲಿ. ಲೋಡಿನಿಂದ ಒಂದು ಹಿಡಿ ರಾಗಿ ತೆಗೆದು ಸತು ಎಷ್ಟಿದೆ ಅಂತ ನೋಡಲಿ. ತೇವಾಂಶ ನೋಡ್ತಾರೆ, ಕಲ್ಲು ಕಸ ನೋಡ್ತಾರೆ, ಇದನ್ನೂ ನೋಡಲಿ. ರಾಗಿಯಲ್ಲಿ ಎಷ್ಟು ಏರುತ್ತೆ ಅನ್ನೋದನ್ನ ನಮ್ಮ ಕೃಷಿ ವಿಶ್ವವಿದ್ಯಾಲಯಗಳು ನಮ್ಮ ಕೆಂಪು ಮಣ್ಣಿನಲ್ಲೇ ಬೆಳೆದು, ಸಾಲದು ಅಂದರೆ ತಳಿಯನ್ನೂ ಬದಲಿಸಿ, ಜನರಿಗೆ ಹೇಳಬೇಕು. ರಾಗಿಯಲ್ಲಿ ಸತುವನ್ನ ಹಿಡಿದಿಟ್ಟುಕೊಳ್ಳುವ ಫೈಟೇಟ್ ಅನ್ನೋ ಅಂಶವೂ ಇದೆ. ನಮ್ಮ ಅವ್ವಂದಿರು ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡ್ತಿದ್ದದ್ದು, ಅಂಬಲಿ ಹುಳಿ ಬರಿಸ್ತಿದ್ದದ್ದು ಅದನ್ನ ಬಿಡಿಸುವ ಕೆಲಸವೇ, ಹೆಸರು ಗೊತ್ತಿರಲಿಲ್ಲ ಅಷ್ಟೆ.

ಇಷ್ಟು ಹೇಳಿದ ಮೇಲೆ ಎರಡು ಎಚ್ಚರದ ಮಾತು ಹೇಳದಿದ್ದರೆ ನಾವು ನಿಮಗೆ ಮೋಸ ಮಾಡಿದ ಹಾಗೆ.

ಹೊಡೆಯುವವನು ಯಾರು? ಹಾಲುಗಾಳಿನ ಹೊತ್ತಿಗೆ ಎದೆಮಟ್ಟದ ಪೈರಿನೊಳಗೆ ಟ್ಯಾಂಕು ಹೊತ್ತು ನಡೆಯುವವನು ನಮ್ಮವನೇ. ಕೂಲಿ ಖರ್ಚು ಉಳಿಯುತ್ತೆ ಅಂತ ಜಿಂಕನ್ನ ಕೀಟನಾಶಕದ ಜೊತೆಗೇ ಬೆರೆಸಿ ಒಂದೇ ಸಲ ಹೊಡೆಯೋ ದಾರಿಯನ್ನೂ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಉಳಿಯೋದು ಯಾರ ಖರ್ಚು, ಒಳಗೆ ಹೋಗೋದು ಯಾರ ಉಸಿರಿಗೆ? ಬಾಯಿಗೆ ಟವೆಲ್ ಕಟ್ಟಿಕೊಂಡು, ಬರಿಗಾಲಲ್ಲಿ, ಸೋರುವ ಟ್ಯಾಂಕು ಹೊತ್ತು ಹೊಡೆದ ಅಪ್ಪಂದಿರ ಬೆನ್ನು ನಾವು ನೋಡಿದ್ದೇವೆ. ನಮ್ಮ ಹೊಟ್ಟೆಗೆ ಸತು ಬರಲಿ ಅಂತ ನಮ್ಮ ಶ್ವಾಸಕೋಶ ಕೊಡೋಕೆ ಆಗಲ್ಲ. ಜಿಂಕಿಗೆ ಬೇರೆ ಸ್ಪ್ರೇ, ಬೇರೆ ಕೂಲಿ, ಕೈಗೆ ಗ್ಲೌಸು, ಕಾಲಿಗೆ ಬೂಟು. ಇದು ಷರತ್ತು.

ಎರಡನೆಯದು ಇದಕ್ಕಿಂತ ದೊಡ್ಡದು. ಕಬ್ಬಿಣ. ಕೋಲಾರದ ಮಣ್ಣು ಕೆಂಪಗಿರೋದೇ ಕಬ್ಬಿಣದಿಂದ. ಆ ಮಣ್ಣನ್ನೇ ಅಗೆಯುವ ತಾಯಂದಿರ ರಕ್ತದಲ್ಲಿ ಕಬ್ಬಿಣ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65.5, ಹದಿನೈದರಿಂದ ನಲವತ್ತೊಂಬತ್ತರ ಹೆಂಗಸರಲ್ಲಿ ನೂರಕ್ಕೆ 47.8 ಜನಕ್ಕೆ ರಕ್ತಹೀನತೆ. ಸತುವಿನ ಹಾಗೆ ಕಬ್ಬಿಣವನ್ನ ಗೊಬ್ಬರದಿಂದ ಕಾಳಿಗೆ ತುಂಬೋಕೆ ಆಗಲ್ಲ. ಮಣ್ಣಿಗೆ ಹಾಕಿದರೆ ಬೇಗ ಪೈರಿಗೆ ದಕ್ಕದ ರೂಪಕ್ಕೆ ತಿರುಗುತ್ತೆ, ಎಲೆಗೆ ಹೊಡೆದರೆ ಕಾಳಿಗೆ ಹೋಗೋದು ಅಷ್ಟಕ್ಕಷ್ಟೆ. ಅಲ್ಲಿಗೆ ಗೊಬ್ಬರದ ಮಹಿಮೆ ಮುಗೀತು. ರಕ್ತಕ್ಕೆ ಬೇಗ ಹತ್ತುವ ಕಬ್ಬಿಣ ಇರೋದು ಮಾಂಸದಲ್ಲಿ. ಒಳ್ಳೆಯ ಸತುವೂ ಅಲ್ಲೇ ಇದೆ. ನಮ್ಮ ಕೇರಿಯ ಅಗ್ಗದ ಮಾಂಸ ಯಾವುದು ಅಂತ ನಿಮಗೆ ಗೊತ್ತು. 2020ರ ಜಾನುವಾರು ಹತ್ಯೆ ನಿಷೇಧದ ಕಾಯ್ದೆ 2021ರಲ್ಲಿ ಜಾರಿಗೆ ಬಂದು ಆ ತಟ್ಟೆಯ ಮೇಲೆ ಪೊಲೀಸರ ಕಣ್ಣು ಇಟ್ಟಿತು. ಅದೇ ವರ್ಷದ ಕೊನೆಗೆ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡ್ತೀವಿ ಅಂದಾಗ ಕೆಲವು ಮಠಾಧೀಶರು ಬೇಡ ಅಂದರು. ನಮಗೆ ಮೊಟ್ಟೆ ಬೇಕು ಅಂತ ಮಕ್ಕಳೇ ಎದ್ದು ನಿಂತು ಹೇಳಬೇಕಾಯಿತು.

ಹಾಗಾಗಿ ಯಾರಾದರೂ ಬಂದು, 'ನೋಡಿ, ಕಾಳಿನಲ್ಲೇ ಎಲ್ಲ ಸೇರಿಸಿದ್ದೇವೆ, ಇನ್ನು ಮಾಂಸ ಮೊಟ್ಟೆ ಯಾಕೆ' ಅಂದರೆ ಅವರ ಮುಖ ನೋಡಿ ನಕ್ಕುಬಿಡಿ. ಸತು ಉದ್ಯಮದ ಅಂತರರಾಷ್ಟ್ರೀಯ ಸಂಘವೂ ಗೊಬ್ಬರದ ಕಂಪನಿಗಳೂ ಈ ಸಂಶೋಧನೆಗೆ ದುಡ್ಡು ಹಾಕಿವೆ. ಅವರಿಗೆ ಚೀಲ ಮಾರಬೇಕು. ಮಾರಲಿ. ಅವರು ಮಾರುವ ಕಾರಣಕ್ಕೆ ಸತು ಸುಳ್ಳಾಗಲ್ಲ, ಸತು ನಿಜವಾದ ಮಾತ್ರಕ್ಕೆ ಅವರು ನಮ್ಮ ನೆಂಟರಾಗಲ್ಲ. ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಬಿದ್ದರೆ ಮಣ್ಣಿನಲ್ಲಿರುವ ಸತುವೂ ಪೈರಿಗೆ ಚೆನ್ನಾಗಿ ದಕ್ಕುತ್ತೆ, ಅದಕ್ಕೆ ಯಾವ ಕಂಪನಿಯೂ ಜಾಹೀರಾತು ಹಾಕಲ್ಲ.

ನಾವು ಮಾಡಿದ್ದು ಇಷ್ಟು. ನಮ್ಮ ಗೆಳೆಯನ ಊರಿನ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಆರು ಜನ ಹೋದೆವು. ಅಲ್ಲಿದ್ದವರು 'ನಿಮ್ಮ ಪಹಣಿ ತನ್ನಿ' ಅಂದರು. ಪಹಣಿ ಇಲ್ಲ ಸಾರ್, ತಟ್ಟೆ ಇದೆ ಅಂದೆವು. ಅವರಿಗೆ ಅರ್ಥವಾಗಲಿಲ್ಲ, ಆದರೂ ಕೂರಿಸಿ ಟೀ ಕೊಟ್ಟರು. ಒಂದು ಅರ್ಜಿ ಬರೆದು ಕೊಟ್ಟು, ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಂಡು ಬಂದಿದ್ದೇವೆ. ಅದರಲ್ಲಿರೋದು ಮೂರೇ ಮಾತು: ಬೆಂಬಲ ಬೆಲೆಗೆ ಕೊಳ್ಳುವ ರಾಗಿಯಲ್ಲಿ ಸತು ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ ಫಲಿತಾಂಶವನ್ನ ಸೊಸೈಟಿ ಬಾಗಿಲಿಗೆ ಹಚ್ಚಿ, ಹಾಲುಗಾಳಿನ ಸ್ಪ್ರೇಯ ಖರ್ಚನ್ನೂ ಕೂಲಿಯನ್ನೂ ಕೊಡಿ, ಹಾಸ್ಟೆಲುಗಳಲ್ಲಿ ಊಟದ ಪಟ್ಟಿಯಲ್ಲಿ ಬರೆದಿರುವ ಮೊಟ್ಟೆ, ಮಾಂಸ ತಟ್ಟೆಗೆ ಬರಲಿ. ಮೂರನೆಯದು ನಮಗೆ ಸಂಬಂಧ ಇಲ್ಲ ಅಂತ ಆ ಸಾಹೇಬರು ಗೀಟು ಹಾಕೋಕೆ ಹೋದರು. ಪೆನ್ನು ಹಿಡಿದ ಕೈಯನ್ನ ತಡೆದೆವು. ಅರ್ಜಿಯ ನಕಲು ನಮ್ಮ ಹತ್ತಿರ ಇದೆ. ನಿಮ್ಮ ಹೋಬಳಿಯಲ್ಲೂ ಕೊಡುವುದಿದ್ದರೆ ಈ ಪತ್ರಿಕೆ ಮಾರುವ ಹುಡುಗರನ್ನ ಕೇಳಿ, ಕೈಯಲ್ಲೇ ಬರೆದುಕೊಳ್ಳಿ. ರಾಗಿ ಖರೀದಿ ಕೇಂದ್ರ ತೆರೆಯುವ ಮೊದಲೇ ಹೋಗಬೇಕು.